ಮಳೆಗಾಲದಲ್ಲಿ ಚೈವ್ಸ್ ಏಕೆ ಕೊಳೆಯುತ್ತದೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಸಮೀಪದ ಹಳ್ಳಿ. ಬೀಜ ಹಾಕಿ ಕುಂಡದಲ್ಲಿ ಬೆಳೆಸಿದ ಚೈವ್ಸ್ (ಈರುಳ್ಳಿಯ ಪರಿಮಳದ, ಎಲೆಗಾಗಿ ಬೆಳೆಸುವ ಸೊಪ್ಪು) ಮೇ ತಿಂಗಳವರೆಗೂ ಹಸಿರಾಗಿತ್ತು. ಮಳೆ ಹಿಡಿದ ಮೇಲೆ ಎಲೆ ಹಳದಿಯಾಗಿ ಬುಡವೇ ಕೊಳೆಯಿತು. ಮಲೆನಾಡಿನಲ್ಲಿ ಈ ಗಿಡ ವರ್ಷವಿಡೀ ಉಳಿಯುವುದಿಲ್ಲವೇ?

ಉತ್ತರ: ಖಂಡಿತ ಉಳಿಯುತ್ತದೆ. ಬುಡ ಗಟ್ಟಿಯಾದರೆ ಹಲವು ವರ್ಷ ಬಾಳುವ ಗಿಡ ಇದು. ಈರುಳ್ಳಿ, ಬೆಳ್ಳುಳ್ಳಿಗಳ ಕುಲಕ್ಕೆ ಸೇರಿದ್ದರಿಂದ ಅವುಗಳಂತೆಯೇ ಬುಡದಲ್ಲಿ ನೀರು ನಿಂತರೆ ತಾಳುವುದಿಲ್ಲ. ಮಣ್ಣಿನಲ್ಲಿ ಗಾಳಿಯಾಡದೆ ಬೇರು ಸೊರಗುತ್ತದೆ, ಸೊರಗಿದ ಬೇರಿಗೆ ಶಿಲೀಂಧ್ರ ತಗಲುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ನಿಮ್ಮ ಕಡೆಯೂ ಮಳೆ ಕಡಿಮೆಯೇನಲ್ಲ. ಜೊತೆಗೆ ದಿನಕ್ಕೆ ಆರು ಗಂಟೆ ಬಿಸಿಲು ಬಯಸುವ ಈ ಗಿಡಕ್ಕೆ ಜುಲೈನಲ್ಲಿ ಸೂರ್ಯದರ್ಶನವೇ ಅಪರೂಪ. ಬೆಳವಣಿಗೆ ನಿಧಾನವಾದಾಗ ಗಿಡ ನೀರನ್ನೂ ಹೀರುವುದಿಲ್ಲ, ಕುಂಡ ಒಣಗುವುದೇ ಇಲ್ಲ.

ಆದ್ದರಿಂದ ಮೃಗಶಿರಾ ಮಳೆ ಹಿಡಿಯುವ ಮೊದಲೇ ಕುಂಡವನ್ನು ಜಗಲಿಗೆ ತನ್ನಿ. ಪೂರ್ವಕ್ಕೆ ತೆರೆದ ಜಗಲಿಯಾದರೆ ಒಳ್ಳೆಯದು. ಮುಂಗಾರಿನ ಎರಚಲು ಬರುವುದು ನೈಋತ್ಯದಿಂದ. ಹಂಚಿನ ನೀರು ಬೀಳುವ ಸೂರಿನಂಚಿನಲ್ಲಿ ಮಾತ್ರ ಇಡಬೇಡಿ. ಎರಡು ಇಟ್ಟಿಗೆಯ ಮೇಲೆ ಕೂರಿಸಿದರೆ ತಳದ ತೂತುಗಳಿಂದ ನೀರು ಸರಾಗವಾಗಿ ಇಳಿಯುತ್ತದೆ. ಮೇಲಿನ ಒಂದು ಅಂಗುಲ ಮಣ್ಣು ಒಣಗುವವರೆಗೆ ನೀರು ಹನಿಸಬೇಡಿ, ಆ ತಿಂಗಳುಗಳಲ್ಲಿ ಗೊಬ್ಬರವೂ ಬೇಡ.

ಕುಂಡದ ತಳಕ್ಕೆ ಜಲ್ಲಿಯ ಪದರ ಹಾಕುವುದು ನಮ್ಮಲ್ಲಿ ಬಹುತೇಕ ಎಲ್ಲರ ರೂಢಿ. ಇದರಿಂದ ನೀರು ಬೇಗ ಬಸಿಯುವುದಿಲ್ಲ. ಸಣ್ಣ ಕಣದ ಮಣ್ಣು ಪೂರ್ತಿ ನೆನೆಯುವವರೆಗೆ ನೀರು ಕೆಳಗಿನ ಜಲ್ಲಿಗೆ ಇಳಿಯದು. ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ, ಅಷ್ಟೇ. ತೂತಿನ ಮೇಲೆ ಒಂದು ಹಂಚಿನ ಚೂರು ಸಾಕು. ಬದಲಾಗಬೇಕಾದದ್ದು ಮಣ್ಣು. ನಮ್ಮ ಕೆಂಪು ಮಣ್ಣು ಕುಂಡದಲ್ಲಿ ಬೇಗ ಗಟ್ಟಿಯಾಗುತ್ತದೆ. ಅದಕ್ಕೆ ಸಮಪ್ರಮಾಣದಲ್ಲಿ ದಪ್ಪ ಮರಳು ಮತ್ತು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ನೀರು ಹಿಡಿದಿಡುವ ತೆಂಗಿನ ನಾರಿನ ಪುಡಿ ಬಯಲುಸೀಮೆಗೆ ವರ, ಇಲ್ಲಿಗೆ ಅಲ್ಲ. ವರ್ಷವರ್ಷದ ಮಳೆಗೆ ಸುಣ್ಣದಂಶ ತೊಳೆದುಹೋಗಿ ಮಲೆನಾಡಿನ ಮಣ್ಣು ಹುಳಿಯಾಗಿರುತ್ತದೆ. ಕುಂಡಕ್ಕೆ ಒಂದು ಚಮಚ ಒಲೆಯ ಬೂದಿ ಬೆರೆಸಿದರೆ ಚೈವ್ಸ್‌ಗೆ ಹಿತ.

ಇಷ್ಟೆಲ್ಲ ಮಾಡಿಯೂ ಸೋತರೆ ತಳಿ ಬದಲಿಸಿ. ಕೊಳವೆಯಂಥ ಎಲೆ, ನೇರಳೆ ಹೂವಿನ ಸಾಮಾನ್ಯ ಚೈವ್ಸ್ ತಂಪು ಸೀಮೆಯದು. ಚಪ್ಪಟೆ ಎಲೆ, ಬಿಳಿ ಹೂವಿನ ಬೆಳ್ಳುಳ್ಳಿ ಚೈವ್ಸ್ ಸೆಕೆಯನ್ನು ಅದಕ್ಕಿಂತ ಚೆನ್ನಾಗಿ ತಾಳುತ್ತದೆ. ಮಣಿಪುರದ ಅಡುಗೆಯಲ್ಲಿ ಮರೋಯ್ ನಾಕುಪ್ಪಿ ಎಂದು ಬಳಸುವುದು ಇದನ್ನೇ. ನನ್ನನ್ನು ಕೇಳಿದರೆ ಮಲೆನಾಡಿನವರು ಇದರಿಂದಲೇ ಆರಂಭಿಸಬೇಕು. ಪರಿಮಳ ತುಸು ಗಾಢ, ಅಕ್ಕಿ ರೊಟ್ಟಿಯ ಹಿಟ್ಟಿಗೆ ಬಹಳ ಒಗ್ಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಳಸದ ಮನೆಗಳಲ್ಲಿ ಮಾತ್ರ ಎರಡು ತಳಿಗಳೂ ಸಲ್ಲುವುದಿಲ್ಲ.

ಬೀಜ ಹಾಕುವುದಾದರೆ ಸ್ವಾತಿ ಮಳೆ ಮುಗಿಯಲಿ. ಬೀಜ ಹೊಸದೇ ಇರಬೇಕು. ಒಂದೆರಡು ವರ್ಷದಲ್ಲಿ ಮೊಳೆಯುವ ಶಕ್ತಿ ಕುಂದುತ್ತದೆ. ಒಂದೊಂದು ಕಡೆ ಹತ್ತಾರು ಬೀಜ ಒಟ್ಟಿಗೆ ಉದುರಿಸಿ ಅರ್ಧ ಸೆಂಟಿಮೀಟರ್ ಮಣ್ಣು ಮುಚ್ಚಿ. ಮೊಳಕೆಗೆ ಎರಡು, ಮೂರು ವಾರ ಬೇಕು. ಎಳೆ ಸಸಿ ಹುಲ್ಲಿನ ಹಾಗೇ ಕಾಣುತ್ತದೆ, ಕಳೆಯೆಂದು ಕೀಳಬೇಡಿ. ಎಲೆ ಒಂದು ಗೇಣು ಬೆಳೆದ ಮೇಲೆ ಬುಡದಿಂದ ಮೂರು, ನಾಲ್ಕು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಒಲೆಯ ಮೇಲೆ ಹೆಚ್ಚು ಹೊತ್ತು ಬೆಂದರೆ ಪರಿಮಳ ಹೋಗುತ್ತದೆ, ಆದ್ದರಿಂದ ಕೊನೆಯಲ್ಲಿ ಹೆಚ್ಚಿ ಹಾಕಿ. ನಾಯಿ, ಬೆಕ್ಕುಗಳಿಗೆ ಈ ಎಲೆ ವಿಷ. ಜಗಲಿಯಲ್ಲಿ ಕುಂಡ ಇಡುವವರು ಅವುಗಳ ಬಾಯಿಗೆ ಎಟುಕದಷ್ಟು ಎತ್ತರದಲ್ಲಿಡಿ.

ಎರಡು, ಮೂರು ವರ್ಷಕ್ಕೊಮ್ಮೆ ಹಿಂಡು ಕಿಕ್ಕಿರಿಯುತ್ತದೆ, ಎಲೆ ಸಣಕಲಾಗುತ್ತದೆ. ಆಗ ಮಳೆ ಬಿಟ್ಟ ಮೇಲೆ ಬುಡಸಮೇತ ಕಿತ್ತು, ಕೈಯಿಂದ ಬಿಡಿಸಿ, ಐದಾರು ಗೆಡ್ಡೆಗಳ ಗುಂಪಾಗಿ ಬೇರೆ ಕುಂಡಗಳಿಗೆ ನೆಡಿ. ಹೀಗೆ ನೆಟ್ಟದ್ದು ಬೀಜದ ಸಸಿಗಿಂತ ಬೇಗ ಕೊಯ್ಲಿಗೆ ಬರುತ್ತದೆ.