ಗೇರು ಗುಡ್ಡೆಯ ಕೆಳಗಿನ ಶಾಲೆ: ಪರಿಸರ ಪಾಠದಿಂದ ನ್ಯಾಯ ಜಾರಿಹೋದದ್ದು ಹೇಗೆ?

ಜೂನ್ 5 ಬಂತೆಂದರೆ ಕಾಸರಗೋಡಿನ ಶಾಲೆಗಳಲ್ಲಿ ಗಿಡ ನೆಡುವ ಗೌಜಿ. ಪಂಚಾಯತ್ ಮೆಂಬರ್ ಬರುತ್ತಾರೆ, ಪ್ರತಿಜ್ಞೆ ಹೇಳಿಸುತ್ತಾರೆ, ಫೋಟೋ ಆಗುತ್ತದೆ. ಹೋದ ವರ್ಷದ ಗುಂಡಿಯಲ್ಲೇ ಈ ವರ್ಷದ ಗಿಡ ಕೂತರೂ ಕೇಳುವವರಿಲ್ಲ. ಇದನ್ನೇ ನಾವು ಪರಿಸರ ಶಿಕ್ಷಣ ಅನ್ನುತ್ತೇವೆ.

ಪರಿಸರವನ್ನೂ ಸಾಮಾಜಿಕ ನ್ಯಾಯವನ್ನೂ ಒಟ್ಟಿಗೆ ಕಲಿಸುವ ಬೇರೆ ಥರದ ಪ್ರಾಥಮಿಕ ಶಾಲೆ ಬೇಕು ಎಂಬ ಮಾತು ಬಂದಾಗ, ಅದೆಲ್ಲ ಪೇಟೆಯ ದುಡ್ಡಿದ್ದವರ ಶೋಕಿ ಎಂದು ನಮ್ಮ ಕಡೆ ನಗುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಇಡೀ ದೇಶದಲ್ಲಿ ಅಂಥ ಶಾಲೆಗೆ ಕಾರಣ ಬೇಕಿದ್ದರೆ ನಮ್ಮ ಗುಡ್ಡೆಗಳಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗಲಿಕ್ಕಿಲ್ಲ.

ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಷನ್‌ಗೆ ಇಲ್ಲಿ 4,500 ಹೆಕ್ಟೇರಿಗೂ ಜಾಸ್ತಿ ಗೇರು ತೋಟ. ಗೇರಿಗೆ ಟೀ ಸೊಳ್ಳೆಯ ಕಾಟ, ಚಿಗುರನ್ನೂ ಹೂವನ್ನೂ ಹೀರಿ ಒಣಗಿಸಿಬಿಡುತ್ತದೆ. ಅದನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಮದ್ದು ಬಿಡುವ ಮೊದಲು ಬಾವಿ ಮುಚ್ಚಿಕೊಳ್ಳಿ ಎಂಬ ಸೂಚನೆ ಇತ್ತು. ಬಾವಿ ಏನೋ ಮುಚ್ಚಬಹುದು. ಸುರಂಗವನ್ನು ಹೇಗೆ ಮುಚ್ಚುವುದು?

ಸುರಂಗ ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಣ್ಮಕಜೆ, ಬಾಯಾರು ಕಡೆ ಗುಡ್ಡೆಯ ಮೈಗೆ ಅಡ್ಡಲಾಗಿ, ಒಬ್ಬ ಬಗ್ಗಿ ನಡೆಯುವಷ್ಟು ಅಗಲಕ್ಕೆ, ಕೆಂಪುಕಲ್ಲು ಕೊರೆದುಕೊಂಡು ಒಳಗೆ ಹೋಗುತ್ತಾರೆ. ಒರತೆ ಸಿಕ್ಕಿದರೆ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ಆ ನೀರು ಅಂಗಳದ ಪಕ್ಕದ ಮಣ್ಣಿನ ಕೆರೆಗೆ ಬಿದ್ದು, ಅಲ್ಲಿಂದ ಅಡಿಗೆಮನೆಗೂ ತೋಟಕ್ಕೂ ಹೋಗುತ್ತದೆ. ಮೇಲಿನ ಪದವಿನಲ್ಲಿ, ಅಂದರೆ ಗುಡ್ಡೆಯ ನೆತ್ತಿಯ ಬಯಲಿನಲ್ಲಿ, ಸುರಿದದ್ದು ಮಳೆಗೆ ತೊಳೆದು ತೋಡಿಗೆ, ಇಂಥ ಕೆರೆಗಳಿಗೆ ಇಳಿಯದೆ ಇನ್ನೆಲ್ಲಿಗೆ ಹೋದೀತು?

ಪಡ್ರೆಯ ಕೃಷಿಕ, ಪತ್ರಕರ್ತ ಶ್ರೀಪಡ್ರೆ ಕೈಕಾಲು ಸೊಟ್ಟಗಾಗಿ ಹುಟ್ಟುವ ಕರುಗಳ ಬಗ್ಗೆ ತುಂಬಾ ಮೊದಲೇ ಬರೆದರು. ವಾಣಿನಗರದ ಡಾಕ್ಟರ್ ವೈ.ಎಸ್. ಮೋಹನ ಕುಮಾರ್ ತಮ್ಮ ಕ್ಲಿನಿಕ್ಕಿಗೆ ಬರುವ ಕಾಯಿಲೆಗಳು ಒಂದೇ ಕಡೆ ಯಾಕೆ ಇಷ್ಟೊಂದು ಎಂದು ಕೇಳತೊಡಗಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋಗಿ ಹೆಲಿಕಾಪ್ಟರ್ ಸಿಂಪಡಣೆಗೆ ತಡೆ ತಂದರು. ಸರಕಾರದ ಇಲಾಖೆಯಲ್ಲೇ ಇದ್ದುಕೊಂಡು ಸರಕಾರದ ಕಂಪೆನಿ ಮೇಲೆ ಕೇಸು ಹಾಕುವುದು ಸುಮ್ನೆ ಮಾತಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ಎಂಡೋಸಲ್ಫಾನ್ ನಿಲ್ಲಿಸಿತು. 2017ರಲ್ಲಿ, ಬಾಧಿತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದಿತು. ಮೂರು ತಿಂಗಳು ವರ್ಷಗಟ್ಟಲೆ ಎಳೆಯಿತು, ಅದು ಬೇರೆ ಕಥೆ.

ಇದರಲ್ಲಿ ಶಾಲೆ ಎಲ್ಲಿ ಬಂತು ಅಂತೀರಾ? ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇಲ್ಲಿ ಪರೀಕ್ಷೆ ಮಾಡಿದ್ದು ಶಾಲೆಯ ಮಕ್ಕಳನ್ನೇ. 2003ರಲ್ಲಿ ಅಚ್ಚಾದ ಅವರ ಒಂದು ಅಧ್ಯಯನದಲ್ಲಿ ಗೇರು ಗುಡ್ಡೆಯ ಬುಡದ ಊರಿನ 117 ಹುಡುಗರನ್ನು, ಮದ್ದು ಬೀಳದ ಊರಿನ 90 ಹುಡುಗರ ಜೊತೆ ಹೋಲಿಸಿದ್ದಾರೆ. ಗುಡ್ಡೆ ಬುಡದವರ ರಕ್ತದಲ್ಲಿ ಎಂಡೋಸಲ್ಫಾನ್ ಜಾಸ್ತಿ ಇತ್ತು, ಅವರು ಪ್ರಾಯಕ್ಕೆ ಬರುವುದು ತಡವಾಗುತ್ತಿರಬಹುದು ಎಂಬುದು ತೀರ್ಮಾನ. ಅಷ್ಟು ಹತ್ತಿರದಲ್ಲಿ ನಡೆದದ್ದು, ತಮ್ಮ ಮೈಯಲ್ಲೇ ನಡೆದದ್ದು, ಅಲ್ವಾ? ಅದನ್ನು ಪಾಠ ಮಾಡದೆ ಗಿಡ ನೆಡಿಸುತ್ತೇವೆ.

ಕಾಗದದಲ್ಲಿ ನೋಡಿದರೆ ಪರಿಸರ ಪಾಠಕ್ಕೆ ಕೊರತೆಯೇನೂ ಇಲ್ಲ. ಪರಿಸರ ಕಾಪಾಡುವುದು ನಾಗರಿಕರ ಕರ್ತವ್ಯ ಎಂಬ ಸಾಲು ಸಂವಿಧಾನಕ್ಕೆ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ, ಹೆಚ್ಚುಕಡಿಮೆ ನಮ್ಮ ತಲೆ ಮೇಲೆ ಹೆಲಿಕಾಪ್ಟರ್ ಬಂದ ಕಾಲದಲ್ಲೇ. 1991ರಲ್ಲಿ, ವಕೀಲ ಎಂ.ಸಿ. ಮೆಹ್ತಾ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಪರಿಸರವನ್ನು ಕಡ್ಡಾಯ ವಿಷಯ ಮಾಡಿ ಎಂದಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಬಂದ ಎನ್‌ಸಿಇಆರ್‌ಟಿಯ ಐದನೇ ತರಗತಿ ಪುಸ್ತಕವಂತೂ ಊರಿನ ಕೊಳಕು ಬಾಚುವ ಕೆಲಸ ಯಾರ ಪಾಲಿಗೆ ಬರುತ್ತದೆ ಎಂದು ನೇರವಾಗಿ ಕೇಳಿತು. ಪುಸ್ತಕ ಅಷ್ಟು ದೂರ ಬಂದಿತ್ತು. ತರಗತಿಯಲ್ಲಿ ಅದು ಮತ್ತೆ "ಪ್ಲಾಸ್ಟಿಕ್ ಬಿಸಾಡಬೇಡಿ" ಎನ್ನುವಲ್ಲಿಗೆ ಬಂದು ನಿಂತಿತು. ಯಾರಿಗೂ ತೊಂದರೆ ಕೊಡದ ಪಾಠ ಮಾಡುವುದು ಎಲ್ಲರಿಗೂ ಸುಲಭ.

ಬೇರೆ ಥರ ಮಾಡಿದವರು ಇರಲಿಲ್ಲವೇ? ಇದ್ದರು. ಕೈಕೆಲಸದ ಮೂಲಕ ಕಲಿಸುವ ಗಾಂಧಿಯವರ ನಯೀ ತಾಲೀಮ್ 1937ರದ್ದು. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಯವರು ಸುತ್ತಲಿನ ಹಳ್ಳಿಗಳಿಗೆ ಮಾಡಿದ ಸಣ್ಣ ಶಾಲೆಗಳನ್ನು ನೋಡಿ ಬಂದ ಎಚ್.ಡಿ. ಕೋಟೆಯ ಸರಕಾರಿ ಶಾಲೆ ಶಿಕ್ಷಕರಿಂದಲೇ 1995ರಲ್ಲಿ ಕರ್ನಾಟಕದ ನಲಿಕಲಿ ಕಲಿಕಾ ಪದ್ಧತಿ ಹುಟ್ಟಿತು. ಕೇರಳದಲ್ಲಿ ಅಟ್ಟಪ್ಪಾಡಿಯ ಬೋಳು ಗುಡ್ಡೆಯಲ್ಲಿ ಶಿಕ್ಷಕ ದಂಪತಿ ಕಟ್ಟಿದ 'ಸಾರಂಗ್', ವಯನಾಡಿನಲ್ಲಿ ಕೆ.ಜೆ. ಬೇಬಿ ಆದಿವಾಸಿ ಮಕ್ಕಳ ಜೊತೆ ನಡೆಸಿದ 'ಕನವು'. ನಮಗೆ ಇನ್ನೂ ಹತ್ತಿರ, ಪಯ್ಯನ್ನೂರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಜಾನ್ ಸಿ. ಜೇಕಬ್ 1970ರ ದಶಕದಲ್ಲೇ ಮಕ್ಕಳನ್ನು ಕಾಡಿಗೆ, ಕಡಲಿಗೆ ಕರೆದುಕೊಂಡು ಹೋಗಿ ನಿಸರ್ಗ ಶಿಬಿರ ಮಾಡುತ್ತಿದ್ದರು.

ಸರಕಾರವೂ ಒಂದು ಬಾಗಿಲು ತೆರೆದಿತ್ತು. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ (ಡಿಪಿಇಪಿ) ಕೇರಳಕ್ಕೆ ಬಂದಾಗ ಮೊದಲ ಹಂತಕ್ಕೆ ಆರಿಸಿದ ಮೂರು ಜಿಲ್ಲೆಗಳಲ್ಲಿ ಕಾಸರಗೋಡೂ ಒಂದು. ಆಗ ಹುಟ್ಟಿದ್ದೇ ಏಕಾಧ್ಯಾಪಕ ಶಾಲೆಗಳು. ಬಸ್ಸು ಹೋಗದ ಆದಿವಾಸಿ ಕಾಲೊನಿಗಳಲ್ಲಿ ಒಂದೇ ಕೋಣೆ, ಒಬ್ಬರೇ ಟೀಚರ್, ಒಂದರಿಂದ ನಾಲ್ಕರ ತನಕದ ಮಕ್ಕಳು ಒಟ್ಟಿಗೆ. ಅದೇ ಟೀಚರ್ ಅಕ್ಕಿ ತಂದು ಗಂಜಿ ಬೇಯಿಸಬೇಕು, ಬಾರದ ಮಕ್ಕಳನ್ನು ಮನೆಗೆ ಹೋಗಿ ಕರೆತರಬೇಕು. ಸಂಬಳವೂ ಅಷ್ಟಕ್ಕಷ್ಟೆ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಗೆ ಈ ಕೋಣೆಗಳು ಶಾಲೆಯಾಗಿ ಕಾಣಲಿಲ್ಲ. ಕಟ್ಟಡ ಇಷ್ಟು, ಶಿಕ್ಷಕರು ಇಷ್ಟು ಎಂಬ ಲೆಕ್ಕ ಅದರದು. 2022ರಲ್ಲಿ ಕೇರಳ ಇವನ್ನು ಮುಚ್ಚಿತು. ಇಪ್ಪತ್ತು ವರ್ಷಕ್ಕೂ ಮೇಲೆ ಪಾಠ ಮಾಡಿದ ಟೀಚರುಗಳಿಗೆ ಬೇರೆ ಶಾಲೆಗಳಲ್ಲಿ ಗುಡಿಸುವ ಕೆಲಸ ಕೊಟ್ಟದ್ದು ಆಗ ಸುದ್ದಿಯಾಗಿತ್ತು. ಸರಿಯಾದ ಶಾಲೆಯಲ್ಲಿ ಕಲಿಯುವುದು ಆದಿವಾಸಿ ಮಕ್ಕಳ ಹಕ್ಕು, ಅದನ್ನು ನಾನು ಒಪ್ಪುತ್ತೇನೆ. ಆದರೆ ಆ ಕೋಣೆಗಳನ್ನು ಒಳ್ಳೆಯ ಶಾಲೆ ಮಾಡುವ ದಾರಿಯೂ ಇತ್ತು, ಯಾರೂ ಅದಕ್ಕೆ ದುಡ್ಡು ಹಾಕಲಿಲ್ಲ.

ಕಾಸರಗೋಡಿನ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಗಂಟಿದೆ. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗಬೇಕು ಎಂಬ 350ಎ ವಿಧಿ ಸಂವಿಧಾನಕ್ಕೆ ಬಂದದ್ದೂ ಅದೇ ವರ್ಷ. ಅಂದಿನಿಂದ ನಮ್ಮ ಶಕ್ತಿಯೆಲ್ಲ ಇರುವ ಕನ್ನಡ ಶಾಲೆಯನ್ನು ಉಳಿಸಿಕೊಳ್ಳಲು ಖರ್ಚಾಗಿದೆ. ಜೂನ್‌ನಲ್ಲಿ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ನಾಲ್ಕು ಮಕ್ಕಳು ಕಮ್ಮಿಯಾದರೆ ಒಂದು ಡಿವಿಷನ್ ಹೋಗುತ್ತದೆ, ಅದರ ಜೊತೆ ಒಬ್ಬ ಮಾಷ್ಟ್ರ ಪೋಸ್ಟೂ ಹೋಗುತ್ತದೆ. ಹೀಗಿರುವಾಗ ಹೊಸದಾಗಿ ಪರ್ಯಾಯ ಶಾಲೆ ಮಾಡುತ್ತೇವೆ ಎಂದರೆ ಅದು ಪಕ್ಕದ ಕನ್ನಡ ಶಾಲೆಯಿಂದಲೇ ಮಕ್ಕಳನ್ನು ಎಳೆದ ಹಾಗಾಗುತ್ತದೆ. ಕನ್ನಡವೇ ಬಾರದ ಶಿಕ್ಷಕರನ್ನು ಕನ್ನಡ ತರಗತಿಗೆ ಹಾಕಿದ್ದರ ವಿರುದ್ಧ ಮಕ್ಕಳೂ ತಂದೆತಾಯಿಯರೂ ಗೇಟಿನ ಹೊರಗೆ ಕೂತ ಊರು ಇದು, ಇಲ್ಲಿ ಪಠ್ಯದ ಒಳಗೇನಿದೆ ಎಂದು ಕೇಳಲು ಪುರುಸೊತ್ತು ಯಾರಿಗೆ? ಕನ್ನಡ ಉಳಿಸುವ ಗಡಿಬಿಡಿಯಲ್ಲಿ ಅದೇ ತರಗತಿಯ ಕೊನೆ ಬೆಂಚಿನ ಕೊರಗ ಆದಿವಾಸಿ ಮಗುವಿನ ಮನೆಮಾತು ಕನ್ನಡವೂ ಅಲ್ಲ, ಮಲಯಾಳವೂ ಅಲ್ಲ ಎಂಬುದನ್ನು ನಾವೇ ಮರೆತಿದ್ದೇವೆ. ನಾವು ತಿರುವನಂತಪುರದ ಮೇಲೆ ಹೇಳುವ ದೂರನ್ನೇ ಆ ಮಗು ನಮ್ಮ ಮೇಲೆ ಹೇಳಬಹುದು.

ಹಾಗಾಗಿ ಇಲ್ಲಿ ಪರ್ಯಾಯ ಶಾಲೆ ಅಂದರೆ ಬೇರೆ ಬೋರ್ಡು, ಬೇರೆ ಕಟ್ಟಡ ಆಗಲಾರದು, ಇರುವ ಅನುದಾನಿತ ಶಾಲೆಯ ಒಳಗೇ ಅದು ನಡೆಯಬೇಕು ಎಂಬುದು ನನ್ನ ಅಭಿಪ್ರಾಯ. ಶಿಕ್ಷಣ ಹಕ್ಕು ಕಾಯಿದೆಯ 29ನೇ ಸೆಕ್ಷನ್ ಕೂಡ ಚಟುವಟಿಕೆಯಿಂದ ಕಲಿಸಿ, ಆದಷ್ಟು ಮಾತೃಭಾಷೆಯಲ್ಲಿ ಕಲಿಸಿ, ಸಂವಿಧಾನದ ಮೌಲ್ಯಗಳಿಗೆ ಹೊಂದುವ ಹಾಗೆ ಕಲಿಸಿ ಎನ್ನುತ್ತದೆ. ನಾಲ್ಕನೇ ತರಗತಿಯನ್ನು ಒಂದು ಸುರಂಗದ ಬಾಯಿಗೆ ಕರೆದುಕೊಂಡು ಹೋಗಿ ನೋಡಿ. ಉದ್ದವನ್ನು ಕೋಲಿನ ಲೆಕ್ಕದಲ್ಲಿ ಹೇಳುತ್ತಾರೆ, ಅದನ್ನು ಮೀಟರಿಗೆ ತಂದರೆ ಗಣಿತ ಆಯಿತು. ಅಗೆಯುವವರು ಒಳಗೆ ದೀಪ ಯಾಕೆ ಇಟ್ಟುಕೊಳ್ಳುತ್ತಾರೆ, ಅದು ಆರಿದರೆ ಯಾಕೆ ಓಡಿ ಬರುತ್ತಾರೆ ಎಂದು ಕೇಳಿದರೆ ವಿಜ್ಞಾನ. ಇದನ್ನು ಅಗೆದವರು ಯಾರು, ಅವರ ಮನೆಗೆ ಈ ನೀರು ಹೋಗುತ್ತದಾ, ಮೇಲೆ ಹೆಲಿಕಾಪ್ಟರ್ ಹಾರಿದಾಗ ಈ ನೀರು ಕುಡಿದವರು ಯಾರು? ಈ ಪ್ರಶ್ನೆಗಳಿಗೆ ತರಗತಿಯಲ್ಲಿ ಉತ್ತರ ಬರದಿದ್ದರೂ ಮನೆಯಲ್ಲಿ ಅಜ್ಜಿಯ ಹತ್ತಿರ ಇರುತ್ತದೆ. ಅಂಗವೈಕಲ್ಯ ಇರುವ ಮಕ್ಕಳಿಗಾಗಿ ಬಾಧಿತ ಪಂಚಾಯತ್‌ಗಳಲ್ಲಿ ಬಡ್ಸ್ ಶಾಲೆಗಳಿವೆ. ಆ ಮಕ್ಕಳೂ ಈ ಮಕ್ಕಳೂ ತಿಂಗಳಿಗೊಮ್ಮೆ ಒಟ್ಟಿಗೆ ಊಟ ಮಾಡಲು ಯಾವ ಸುತ್ತೋಲೆಯೂ ಬೇಕಿಲ್ಲ.

ಶುರು ಎಲ್ಲಿಂದ ಎಂದು ಕೇಳುವ ಮಾಷ್ಟ್ರುಗಳಿಗೆ ಒಂದು ದಾರಿ ಇದೆ. 2002ರ ಜೀವವೈವಿಧ್ಯ ಕಾಯಿದೆ ಪ್ರಕಾರ ಪಂಚಾಯತ್‌ಗಳು ಜನತಾ ಜೀವವೈವಿಧ್ಯ ದಾಖಲೆ ಮಾಡಬೇಕು. ಊರಿನ ತೋಡು, ಗಿಡ, ಮೀನು, ಬೀಜ, ಬುಟ್ಟಿ ನೇಯುವ ಬಳ್ಳಿ ಎಲ್ಲ ಅದರಲ್ಲಿ ಬರಬೇಕು. ನಿಮ್ಮ ಪಂಚಾಯತ್‌ನದ್ದನ್ನು ಕೇಳಿ ತೆಗೆದುಕೊಳ್ಳಿ. ಮಕ್ಕಳು ಅದನ್ನು ಹಿಡಿದು ಊರು ಸುತ್ತಿ, ಯಾವುದು ಈಗ ಇಲ್ಲ, ಯಾವುದು ಬರೆಯದೆ ಬಿಟ್ಟಿದ್ದಾರೆ, ಯಾರನ್ನು ಕೇಳದೆ ಬರೆದಿದ್ದಾರೆ ಎಂದು ಗುರುತು ಹಾಕಿದರೆ ಒಂದು ವರ್ಷದ ಪರಿಸರ ಪಾಠ ಅಲ್ಲೇ ಸಿಗುತ್ತದೆ. ತಿದ್ದಿದ ಪ್ರತಿಯನ್ನು ಗ್ರಾಮಸಭೆಗೆ ಮಕ್ಕಳೇ ಒಯ್ದು ಕೊಡಲಿ.