‘ವಯೋಸಹಜ’ ಅಂತ ಬರೆದಾಯಿತು

2021ರ ಮೇ ತಿಂಗಳು. ಮೂಡಿಗೆರೆ ಕಡೆ ನಮ್ಮ ಪಕ್ಕದ ಮನೆಯ ಅಜ್ಜಿ ಐದು ದಿನ ಜ್ವರದಲ್ಲಿದ್ದು ತೀರಿಕೊಂಡರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಹಾಗಾಗಿ ಕೊನೆಯ ರಾತ್ರಿ ಜಗಲಿಯ ಕಂಬಕ್ಕೆ ದಿಂಬು ಒರಗಿಸಿ ಕೂರಿಸಿದ್ದರು. ಕೊರೋನಾ ಟೆಸ್ಟ್ ಆಗಿರಲಿಲ್ಲ. ಸಾವು ನೋಂದಾಯಿಸುವಾಗ ಕಾರಣ ಕೇಳಿದರು. ‘ವಯಸ್ಸಾಗಿತ್ತು’ ಅಂದರು ಮನೆಯವರು. ‘ವಯೋಸಹಜ’ ಅಂತ ಬರೆದಾಯಿತು.

ಕೊರೋನಾದಲ್ಲಿ ಯಾವ ಬಡ ದೇಶಕ್ಕೆ ಎಷ್ಟು ಪೆಟ್ಟು ಬಿತ್ತು ಅಂತ ಹೋಲಿಸುವ ಪಟ್ಟಿಗಳನ್ನು ನೋಡಿದಾಗಲೆಲ್ಲ ನನಗೆ ಈ ಒಂದು ಪದ ನೆನಪಾಗುತ್ತದೆ.

ನಮ್ಮ ಹಾಗೆ ಕಾಫಿ ಬೆಳೆಯುವ ಮೂರು ದೇಶಗಳನ್ನೇ ತೆಗೆದುಕೊಳ್ಳಿ. ಸುಮಾರು 10 ಕೋಟಿ ಜನರಿರುವ ವಿಯೆಟ್ನಾಂನಲ್ಲಿ 2020ರ ಕೊನೆಗೆ ಸತ್ತವರು ಬರೀ 35. ಬೇಗ ಗಡಿ ಮುಚ್ಚಿದರು, ಸೋಂಕು ತಗುಲಿದವರ ಸಂಪರ್ಕವನ್ನು ಬೆನ್ನಟ್ಟಿ ಹಿಡಿದರು. ಹಾಸನದಲ್ಲೂ 2020ರ ಮೇ 12ರವರೆಗೆ ಒಂದೂ ಕೇಸ್ ಇರಲಿಲ್ಲ, ನೆನಪಿದೆ ಅಲ್ವಾ? ಆಮೇಲೆ ವೇಗವಾಗಿ ಹರಡುವ ಡೆಲ್ಟಾ ತಳಿ ಬಂತು. 2021 ಮುಗಿಯುವ ಹೊತ್ತಿಗೆ ವಿಯೆಟ್ನಾಂ 30 ಸಾವಿರ ದಾಟಿತ್ತು.

ಪೆರುವಿನ ಕಥೆಯೇ ಬೇರೆ. ಅದು ನಮಗಿಂತ ಅನುಕೂಲಸ್ಥ ದೇಶ. ಆದರೂ ಅಲ್ಲಿ ಜನ ಆಕ್ಸಿಜನ್ ಸಿಲಿಂಡರ್ ಹಿಡಿದು ರಾತ್ರಿಯಿಡೀ ಕ್ಯೂ ನಿಂತರು. 2021ರ ಮೇ 31ರಂದು ಸರ್ಕಾರ ಲೆಕ್ಕ ತಿದ್ದಿತು. 69 ಸಾವಿರ ಇದ್ದ ಸಾವಿನ ಸಂಖ್ಯೆ ಒಂದೇ ದಿನದಲ್ಲಿ 1 ಲಕ್ಷ 80 ಸಾವಿರ ಆಯಿತು. ಜನಸಂಖ್ಯೆಗೆ ಹೋಲಿಸಿದರೆ ಪ್ರಪಂಚದಲ್ಲೇ ಜಾಸ್ತಿ. ಅಲ್ಲಿ ನಿಜಕ್ಕೂ ತುಂಬಾ ಜನ ಸತ್ತರು. ಜೊತೆಗೆ, ಅವರು ಕೂತು ಮತ್ತೆ ಎಣಿಸಿದರು. ಆ ಧೈರ್ಯಕ್ಕೆ ನಾನು ಕೈ ಮುಗಿಯುತ್ತೇನೆ.

ಉಗಾಂಡಾದಲ್ಲಿ ದಾಖಲಾದ ಸಾವು ಕಡಿಮೆ. ಅಲ್ಲಿನ ಅರ್ಧದಷ್ಟು ಜನ ಇನ್ನೂ 18 ತುಂಬದವರು. ಆದರೆ ಆ ಮಕ್ಕಳ ಶಾಲೆ 2020ರ ಮಾರ್ಚ್‌ನಲ್ಲಿ ಮುಚ್ಚಿದ್ದು, ಪೂರ್ತಿ ತೆರೆದದ್ದು 2022ರ ಜನವರಿಯಲ್ಲಿ. ಈ ನಷ್ಟ ಯಾವ ಸಾವಿನ ಪಟ್ಟಿಯಲ್ಲೂ ಕಾಣುವುದಿಲ್ಲ. ಇನ್ನು ಸಾವಿನ ಪಟ್ಟಿಯನ್ನಾದರೂ ನಂಬೋಣ ಅಂದರೆ, ಆಫ್ರಿಕಾದಲ್ಲಿ ಹತ್ತು ಸಾವಿನಲ್ಲಿ ಒಂದು ಮಾತ್ರ ದಾಖಲಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2021ರಲ್ಲಿ ಹೇಳಿತ್ತು.

ನಮ್ಮಲ್ಲಿ ಈ ತೊಂದರೆ ಹೊಸದಲ್ಲ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು, ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. 1918ರ ಇನ್‌ಫ್ಲುಯೆಂಜಾ ಇನ್ನೂ ಭೀಕರ. ಭಾರತದಲ್ಲಿ ಒಂದು ಕೋಟಿಗೂ ಜಾಸ್ತಿ ಜನ ಸತ್ತರು. ಅದು ನಮಗೆ ಸರಿಯಾಗಿ ಗೊತ್ತಾಗಿದ್ದಕ್ಕೆ ಒಂದು ಮುಖ್ಯ ಕಾರಣ ಜನಗಣತಿ. 1911ರ ಲೆಕ್ಕದ ಪಕ್ಕ 1921ರದನ್ನು ಇಟ್ಟರೆ ದೇಶದ ಜನಸಂಖ್ಯೆಯೇ ಇಳಿದಿತ್ತು. ಊರೂರಿನ ಪುಸ್ತಕದಲ್ಲಿ ಬರೆಯದೆ ಉಳಿದವರು ಅಲ್ಲಿ ಕಂಡರು.

ನೂರು ವರ್ಷದ ಮೇಲೆ, 2021ರ ಜನಗಣತಿ ಕೊರೋನಾದ ದೆಸೆಯಿಂದ ಮುಂದಕ್ಕೆ ಹೋಯಿತು. ಆ ಕನ್ನಡಿ ಬೇಕಾದಾಗಲೇ ಕೈಗೆ ಸಿಗಲಿಲ್ಲ. 2020 ಮತ್ತು 2021ರಲ್ಲಿ ಭಾರತದಲ್ಲಿ 47 ಲಕ್ಷ ಹೆಚ್ಚುವರಿ ಸಾವು, ಅಂದರೆ ಮಾಮೂಲಾಗಿ ಆಗುವುದಕ್ಕಿಂತ ಜಾಸ್ತಿ ಸಾವು, ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ನಮ್ಮ ಸರ್ಕಾರ ಒಪ್ಪಲಿಲ್ಲ. ಕೊರೋನಾ ಸಾವಿನ ಅಧಿಕೃತ ಲೆಕ್ಕ ಇದ್ದದ್ದು 5 ಲಕ್ಷದ ಒಳಗೆ. 2025ರಲ್ಲಿ ಸರ್ಕಾರದ್ದೇ ನೋಂದಣಿ ಅಂಕಿ ಹೊರಬಂತು. 2020ರಲ್ಲಿ ನೋಂದಾದ ಸಾವು 81 ಲಕ್ಷ, 2021ರಲ್ಲಿ 1 ಕೋಟಿ 2 ಲಕ್ಷ. ಒಂದೇ ವರ್ಷಕ್ಕೆ 21 ಲಕ್ಷ ಜಾಸ್ತಿ! ಇಷ್ಟೂ ಕೊರೋನಾ ಸಾವು ಅಂತ ನಾನು ಹೇಳುವುದಿಲ್ಲ. ಆದರೆ ಇಷ್ಟು ಜನ ಸುಮ್ನೆ ಒಂದೇ ವರ್ಷದಲ್ಲಿ ಮುದುಕರಾಗಿ ಹೋದರಾ?

ಕೊರೋನಾದಿಂದ ಸತ್ತವರ ಮನೆಗೆ 50 ಸಾವಿರ ರೂಪಾಯಿ ಪರಿಹಾರ ನಿಗದಿಯಾಯಿತು. ಬಿಪಿಎಲ್ ಕುಟುಂಬಗಳಿಗೆ ರಾಜ್ಯ ಇನ್ನೂ 1 ಲಕ್ಷ ಕೊಟ್ಟಿತು. ಪಕ್ಕದ ಮನೆಯ ಅಜ್ಜಿಯ ಮಗನೂ ಅರ್ಜಿ ಹಾಕಲು ಹೋಗಿದ್ದ. ಟೆಸ್ಟ್ ರಿಪೋರ್ಟ್ ಕೇಳಿದರಂತೆ. ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಬಂದ. ಈಗಲೂ ಅದು ಅಜ್ಜಿಯ ಟ್ರಂಕಿನಲ್ಲಿ, ಅವರ ರೇಷನ್ ಕಾರ್ಡಿನ ಜೊತೆಗಿದೆ.