ಚಂದ್ರನನ್ನು ತುರಿಯುವುದು ಹೇಗೆ: ಮಾತಿಲ್ಲದ ಕನಸಿನ ಚಿತ್ರಗಳ ಹಿಂದಿನ ಲೆಕ್ಕ

ಮುಂಬೈನ ಮಾಟುಂಗಾದ ಒಂದು ಅಡುಗೆಮನೆ. ತುರಿಮಣೆಯ ಮುಂದೆ ಅರ್ಧ ತೆಂಗಿನಕಾಯಿ ಕೈಯಲ್ಲಿ ಸುತ್ತುತ್ತಿದೆ, ಬಿಳಿ ತಿರುಳು ಫ್ರೇಮಿನ ನಡುವೆ ದುಂಡಗೆ ಕಾಣುತ್ತಿದೆ. ಮುಂದಿನ ಶಾಟಿನಲ್ಲಿ ಅದೇ ಜಾಗದಲ್ಲಿ, ಅದೇ ಗಾತ್ರದಲ್ಲಿ, ಗೋವಾದ ಕಡಲ ಮೇಲಿನ ಹುಣ್ಣಿಮೆ ಚಂದ್ರ. ತುರಿಯುವ ಕರಕರ ಸದ್ದು ಮಾತ್ರ ನಿಂತಿಲ್ಲ. ಯಾರೂ ಒಂದು ಮಾತೂ ಆಡಿಲ್ಲ, ಆದರೂ ಯಾರೋ ಚಂದ್ರನನ್ನು ತುರಿಯುತ್ತಿದ್ದಾರೆ ಅನ್ನಿಸಿ ಮೈ ಜುಮ್ಮೆನ್ನುತ್ತದೆ.

ಸಂಬಂಧವಿಲ್ಲದ ಎರಡು ದೃಶ್ಯಗಳನ್ನು ಅಂಟಿಸಿದರೆ ಸರ್ರಿಯಲಿಸಂ, ಅಂದರೆ ಕನಸಿನ ತರ್ಕದ ಕಲೆ, ಆಯಿತು ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ತಪ್ಪು. ಮೇಲಿನ ಜೋಡಣೆಯಲ್ಲಿ ಬದಲಾದದ್ದು ವಸ್ತು ಮತ್ತು ಅದರ ಊರು ಮಾತ್ರ. ಆಕಾರ, ಗಾತ್ರ, ಜಾಗ, ಬಣ್ಣ, ಸದ್ದು ಎಲ್ಲವೂ ಹಾಗೇ ಉಳಿದಿವೆ. 1929ರಲ್ಲಿ ನಿರ್ದೇಶಕ ಲೂಯಿಸ್ ಬುನ್ಯುಯೆಲ್ ಮತ್ತು ಚಿತ್ರಕಲಾವಿದ ಸಾಲ್ವಡಾರ್ ಡಾಲಿ ಸೇರಿ ಮಾಡಿದ ಕಿರುಚಿತ್ರದ ಮೊದಲ ದೃಶ್ಯವೂ ಇದೇ ಕಟ್ಟುನಿಟ್ಟಿನದು. ಚಂದ್ರನ ಮೇಲೆ ತೆಳು ಮೋಡ ಅಡ್ಡಲಾಗಿ ಹಾಯುತ್ತದೆ, ಮರುಕ್ಷಣ ಕಣ್ಣಿನ ಮೇಲೆ ರೇಜರ್ ಅಡ್ಡಲಾಗಿ ಹಾಯುತ್ತದೆ. ಒಂದು ದುಂಡು, ಒಂದು ಗೆರೆ. ಕೊಯ್ದದ್ದು ಸತ್ತ ಕರುವಿನ ಕಣ್ಣನ್ನು. ಅದು ಗೊತ್ತಿದ್ದವರೂ ಇವತ್ತಿಗೂ ಮುಖ ತಿರುಗಿಸುತ್ತಾರೆ.

ಇದು ಕೆಲಸ ಮಾಡುವುದಕ್ಕೆ ಕಣ್ಣಿನ ಸ್ವಭಾವವೇ ಕಾರಣ. ನಮ್ಮ ನೋಟ ಸೆಕೆಂಡಿಗೆ ಸುಮಾರು ಮೂರು ಸಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುತ್ತಲೇ ಇರುತ್ತದೆ. ಜಿಗಿಯುವಾಗಿನ ಕಲಸಿದ ಬಿಂಬವನ್ನು ಮಿದುಳು ತಡೆಹಿಡಿದು, ಹಿಂದಿನದಕ್ಕೂ ಮುಂದಿನದಕ್ಕೂ ಹೊಲಿಗೆ ಹಾಕುತ್ತದೆ. ಸಿನಿಮಾದ ಕಟ್, ಅಂದರೆ ಒಂದು ಶಾಟಿನಿಂದ ಇನ್ನೊಂದಕ್ಕೆ ಹಾರುವ ಜಾಗ, ಈ ಹೊಲಿಗೆಯ ಅಭ್ಯಾಸವನ್ನೇ ನೆಚ್ಚಿಕೊಂಡಿದೆ. ಕಾಯಿ ಇದ್ದಲ್ಲೇ ಚಂದ್ರ ಬಂದರೆ ಕಣ್ಣು ಹುಡುಕಬೇಕಾಗಿಲ್ಲ. ಚಂದ್ರ ಬಲಗಡೆಯ ಮೂಲೆಯಲ್ಲಿದ್ದರೆ ಕಣ್ಣು ಅತ್ತ ಹೊರಡುವುದಕ್ಕೇ ಸೆಕೆಂಡಿನ ಐದನೇ ಒಂದು ಭಾಗ, ಅಂದರೆ ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಐದು ಫ್ರೇಮ್ ಬೇಕು. ಅಷ್ಟರಲ್ಲಿ ‘ಓ, ಬೇರೆ ದೃಶ್ಯ’ ಎಂದು ಮನಸ್ಸು ತೀರ್ಮಾನಿಸಿಬಿಟ್ಟಿರುತ್ತದೆ.

ಕನಸಿನಲ್ಲಿ ಈ ತೊಂದರೆ ಇಲ್ಲ. ಕನಸುಗಳು ದಟ್ಟವಾಗಿ ಬೀಳುವ, ಮುಚ್ಚಿದ ರೆಪ್ಪೆಯಡಿ ಕಣ್ಣು ಸರಸರ ಓಡುವ ರೆಮ್ ನಿದ್ದೆಯಲ್ಲಿ ಮಿದುಳಿನ ದೃಶ್ಯ ಮತ್ತು ಭಾವನೆಗೆ ಸಂಬಂಧಿಸಿದ ಭಾಗಗಳು ಚುರುಕಾಗಿರುತ್ತವೆ, ಸರಿತಪ್ಪು ತೂಗುವ ಮುಂಮಿದುಳಿನ ಭಾಗ ಮಂಕಾಗಿರುತ್ತದೆ. ಹಾಗಾಗಿ ಅಜ್ಜಿಮನೆಯ ಬಾಗಿಲು ತೆಗೆದರೆ ದಾದರ್ ಸ್ಟೇಷನ್ ಬಂದರೂ ನಾವು ಪ್ರಶ್ನೆ ಕೇಳುವುದಿಲ್ಲ. ಥಿಯೇಟರಿನಲ್ಲಿ ಕೂತವರ ಮುಂಮಿದುಳು ಪೂರ್ತಿ ಎಚ್ಚರವಾಗಿರುತ್ತದೆ. ಅದು ತಕರಾರು ಎತ್ತದಂತೆ ನೋಡಿಕೊಳ್ಳಬೇಕಾದ್ದು ಜೋಡಣೆ.

ಈಗ ಚಂದ್ರನ ಲೆಕ್ಕ. ಮೊದಲು ಚಂದ್ರನನ್ನೇ ಶೂಟ್ ಮಾಡಬೇಕು, ಕಾಯಿಯನ್ನು ಆಮೇಲೆ. ಕಾಯಿಯ ಗಾತ್ರ ಹೊಂದಿಸುವುದು ನಮ್ಮ ಕೈಯಲ್ಲಿದೆ, ಚಂದ್ರನದು ಇಲ್ಲ. ಲೆನ್ಸಿನ ಫೋಕಲ್ ಉದ್ದವನ್ನು 110ರಿಂದ ಭಾಗಿಸಿದರೆ ಸೆನ್ಸರಿನ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕದ) ಮೇಲೆ ಬೀಳುವ ಚಂದ್ರನ ವ್ಯಾಸ ಸಿಗುತ್ತದೆ. 300 ಮಿ.ಮೀ. ಲೆನ್ಸಿಗೆ ಅದು ಸುಮಾರು 2.7 ಮಿ.ಮೀ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದ ವಿಡಿಯೊ ಚೌಕಟ್ಟಿನ ಎತ್ತರ ಸುಮಾರು 20 ಮಿ.ಮೀ., ಅಂದರೆ ಚಂದ್ರ ಅದರ ಏಳನೇ ಒಂದು ಪಾಲು. ಹತ್ತು ಸೆಂ.ಮೀ. ಅಗಲದ ಕಾಯಿಯೂ ಅಷ್ಟೇ ಕಾಣಬೇಕಾದರೆ ಅಡುಗೆಮನೆಯ ಫ್ರೇಮಿನಲ್ಲಿ ಎಪ್ಪತ್ತು ಸೆಂ.ಮೀ. ಎತ್ತರದ ಜಾಗ ಹಿಡಿಸಬೇಕು. ತುರಿಮಣೆ, ತಟ್ಟೆ, ಎರಡು ಕೈ ಇಷ್ಟೂ ಅದರೊಳಗೆ ಬರುತ್ತವೆ. ಬರಿಯ ಫೋನಿನ ಮಾಮೂಲಿ ಲೆನ್ಸಿನಲ್ಲಿ ಚಂದ್ರ ಒಂದು ಚುಕ್ಕೆ, ಅದನ್ನು ನೆಚ್ಚಬೇಡಿ.

ಗೋವಾದ ಕಡಲು ಪಡುವಣಕ್ಕಿದೆ. ಹುಣ್ಣಿಮೆ ಚಂದ್ರ ಸಂಜೆ ನಿಮ್ಮ ಬೆನ್ನ ಹಿಂದೆ ಹುಟ್ಟುತ್ತಾನೆ, ನೀರಿನ ಮೇಲೆ ಬೇಕಿದ್ದರೆ ಬೆಳಗಿನ ಜಾವ ಹೋಗಬೇಕು. ಮುಳುಗುವ ಹೊತ್ತಿಗೆ ಕೆಂಪಡರುತ್ತದೆ, ತೆಂಗಿನ ಬಿಳಿಗೆ ಹೊಂದುವುದಿಲ್ಲ. ಆದ್ದರಿಂದ ಒಂದು ಗಂಟೆ ಮೊದಲೇ ತೆಗೆಯಬೇಕು. ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಬೆಳಕು ಬರುವ ಕಿಂಡಿ) ಎಫ್ 11, ಷಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) ಸೆಕೆಂಡಿನ 1/50ರಿಂದ ಶುರುಮಾಡಿ, ಚಂದ್ರ ಮಬ್ಬಾದಂತೆ ಅಪರ್ಚರ್ ತೆರೆಯುತ್ತ ಹೋಗಿ. ಆಟೊದಲ್ಲಿ ಬಿಟ್ಟರೆ ಕಪ್ಪು ಆಕಾಶ ನೋಡಿ ಕ್ಯಾಮೆರಾ ಬೆಳಕು ಏರಿಸುತ್ತದೆ, ಚಂದ್ರ ಬಿಳಿ ಬಿಲ್ಲೆಯಾಗಿಬಿಡುತ್ತಾನೆ. ಎರಡು ನಿಮಿಷಕ್ಕೆ ತನ್ನ ವ್ಯಾಸದಷ್ಟು ಸರಿಯುತ್ತಾನೆ, ಹಾಗಾಗಿ ಪ್ರತಿ ಟೇಕಿಗೂ ಫ್ರೇಮ್ ತಿದ್ದಬೇಕು.

ಅಡುಗೆಮನೆಯಲ್ಲಿ ಕೈಕೊಡುವುದು ಟ್ಯೂಬ್‌ಲೈಟ್. ನಮ್ಮ ವಿದ್ಯುತ್ತು 50 ಹರ್ಟ್ಸ್, ಹಳೆಯ ಟ್ಯೂಬು ಮತ್ತು ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸೆಕೆಂಡಿಗೆ 25 ಫ್ರೇಮ್, ಷಟರ್ 1/50 ಇಟ್ಟರೆ ಮಿನುಗು ಕಾಣುವುದಿಲ್ಲ. ಸ್ಲೋ ಮೋಷನ್ ಆಸೆಗೆ 120 ಫ್ರೇಮಿಗೆ ಹೋದರೆ ಬೆಳಕು ಮತ್ತು ಫ್ರೇಮ್ ತಾಳ ತಪ್ಪಿ ಇಡೀ ದೃಶ್ಯ ಬಡಿದುಕೊಳ್ಳುತ್ತದೆ. ಅಂಥ ಶಾಟನ್ನು ಕಿಟಕಿಯ ಹಗಲು ಬೆಳಕಿನಲ್ಲೇ ತೆಗೆಯಬೇಕು. ಮಳೆಗಾಲದಲ್ಲಿ ಎಸಿ ಕೋಣೆಯಿಂದ ಕ್ಯಾಮೆರಾವನ್ನು ನೇರ ಹೊರಗೆ ತಂದರೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಅರ್ಧ ಗಂಟೆ ಚೀಲದಲ್ಲೇ ಇರಲಿ.

ಆಕಾರವಲ್ಲದೆ ಚಲನೆಯೂ ಬೆಸುಗೆಯಾಗಬಲ್ಲದು. 1943ರಲ್ಲಿ ಮಾಯಾ ಡೆರೆನ್ ಮತ್ತು ಅಲೆಕ್ಸಾಂಡರ್ ಹ್ಯಾಮಿಡ್ ಮಾಡಿದ ಮಾತಿಲ್ಲದ ಚಿತ್ರದಲ್ಲಿ ಹೆಂಗಸೊಬ್ಬಳು ಕೆಲವೇ ಹೆಜ್ಜೆಗಳಲ್ಲಿ ಮರಳು, ಹುಲ್ಲು, ರಸ್ತೆ ದಾಟಿ ಕೋಣೆಯ ಜಮಖಾನೆಗೆ ಬರುತ್ತಾಳೆ. ನಡಿಗೆ ಒಂದೇ, ನೆಲ ಬೇರೆಬೇರೆ. ನಮ್ಮಲ್ಲಿ ಮಾಡುವುದಾದರೆ ಜುಹುವಿನ ಮರಳು, ಪುಣೆಯ ವೇತಾಳ ಟೇಕಡಿಯ ಒಣಹುಲ್ಲು, ಗೋವಾದ ಕೆಂಪು ಮುರಕಲ್ಲು. ಕ್ಯಾಮೆರಾ ನೆಲದಿಂದ ಒಂದು ಗೇಣು ಎತ್ತರ, ಒಂದೇ ಲೆನ್ಸ್, ಪಾದ ಎಡದಿಂದ ಬಲಕ್ಕೆ, ಬಿಸಿಲು ಒಂದೇ ಮಗ್ಗುಲಿಂದ. ಕಟ್ ಮಾಡಬೇಕಾದ್ದು ಪಾದ ಗಾಳಿಯಲ್ಲಿ ವೇಗವಾಗಿರುವಾಗ. ಪಾದ ಊರಿದ ಮೇಲೆ ಕತ್ತರಿಸಿದರೆ ಒಂದು ನಡಿಗೆ ಮುಗಿದು ಇನ್ನೊಂದು ಶುರುವಾದಂತೆ ಕಾಣುತ್ತದೆ, ಕನಸು ಅಲ್ಲಿಗೇ ಒಡೆಯುತ್ತದೆ. ಎರಡನೆಯ ಶಾಟಿನಲ್ಲಿ ಎರಡು ಮೂರು ಫ್ರೇಮಿನಷ್ಟು ಚಲನೆ ಮರುಕಳಿಸಿದರೆ ಇನ್ನೂ ನುಣುಪು. ಮನೋವಿಜ್ಞಾನ ಸಂಶೋಧಕರಾದ ಟಿಮ್ ಸ್ಮಿತ್ ಮತ್ತು ಜಾನ್ ಹೆಂಡರ್ಸನ್ 2008ರಲ್ಲಿ ಜನರಿಗೆ ಸಿನಿಮಾ ತುಣುಕು ತೋರಿಸಿ, ಕಟ್ ಕಂಡಾಗೆಲ್ಲ ಗುಂಡಿ ಒತ್ತಿ ಅಂದರು. ಹೀಗೆ ಚಲನೆಯ ನಡುವೆ ಬಿದ್ದ ಕಟ್‌ಗಳಲ್ಲಿ ಸರಾಸರಿ ಸುಮಾರು ಮೂರನೇ ಒಂದು ಪಾಲು ನೋಡುಗರ ಗಮನಕ್ಕೆ ಬರದೆ ದಾಟಿಹೋದವು. ಹುಡುಕುತ್ತಾ ಕೂತವರಿಗೇ ಹೀಗೆ!

ಅದೇ ವರ್ಷ ನರವಿಜ್ಞಾನಿ ಯುರಿ ಹ್ಯಾಸನ್ ತಂಡ ನೋಡುಗರ ಮಿದುಳನ್ನು ಸ್ಕ್ಯಾನ್ ಮಾಡಿ ಹೋಲಿಸಿತು. ಹಿಚ್‌ಕಾಕ್ ನಿರ್ದೇಶಿಸಿದ ಒಂದು ಟಿವಿ ಕಂತು ನೋಡುವಾಗ ಮಿದುಳಿನ ಹೊರಪದರದ ಶೇ. 65ರಷ್ಟು ಭಾಗ ಎಲ್ಲರಲ್ಲೂ ಒಂದೇ ಬಗೆಯಲ್ಲಿ ಏರಿಳಿಯಿತು. ಪಾರ್ಕಿನಲ್ಲಿ ಸುಮ್ಮನೆ ಕ್ಯಾಮೆರಾ ಇಟ್ಟು ಕಟ್ ಇಲ್ಲದೆ ತೆಗೆದ ದೃಶ್ಯಕ್ಕೆ ಅದು ಶೇ. 5ಕ್ಕಿಂತ ಕಡಿಮೆ. ಒಂದೇ ಬಗೆಯಲ್ಲಿ ಏರಿಳಿದರೆ ಒಳ್ಳೆಯ ಚಿತ್ರ ಎಂದೇನೂ ಅರ್ಥವಲ್ಲ. ಚಂದ್ರನ ಅರ್ಥ ಒಬ್ಬೊಬ್ಬರಿಗೆ ಒಂದೊಂದಾಗಲಿ, ಆದರೆ ಕಾಯಿ ಚಂದ್ರನಾದ ಆ ಕ್ಷಣ ಮಾತ್ರ ಎಲ್ಲರಿಗೂ ಒಟ್ಟಿಗೆ ಆಗಬೇಕು.

ಮಾತು ಯಾಕೆ ಬೇಡ? ಮಾತಾಡುವ ಮುಖ ಬಂದರೆ ಕಣ್ಣು ಅತ್ತ ಓಡುತ್ತದೆ, ಸಬ್‌ಟೈಟಲ್ ಬಂದರೆ ಫ್ರೇಮಿನ ಬುಡಕ್ಕೆ. ಕಾಯಿಯ ಮೇಲೆ ನಿಲ್ಲಬೇಕಾದ ನೋಟ ಚದುರುತ್ತದೆ. ಕನ್ನಡ, ತುಳು, ಕೊಂಕಣಿ, ಮರಾಠಿಯವರು ಒಟ್ಟಿಗೆ ಕೂತು ನೋಡುವ ಮುಂಬೈಯಂಥ ಊರಿನಲ್ಲಿ ಇದು ದೊಡ್ಡ ಅನುಕೂಲ. ಮಾತಿಲ್ಲದೆಯೂ ಎರಡು ಗಂಟೆ ನಗಿಸಬಹುದು ಎಂದು 1987ರ ‘ಪುಷ್ಪಕ ವಿಮಾನ’ ನಮಗೆಲ್ಲ ತೋರಿಸಿದೆ.

ಮಾತು ಬಿಟ್ಟರೂ ಸದ್ದು ಬಿಡುವಂತಿಲ್ಲ. ಪೂರ್ತಿ ನಿಶ್ಶಬ್ದ ಮಾಡಿದರೆ ಸ್ಪೀಕರ್ ಕೆಟ್ಟಿದೆ ಎಂದು ಜನ ಹಿಂದೆ ತಿರುಗಿ ನೋಡುತ್ತಾರೆ. ಶೂಟಿಂಗ್ ಮುಗಿದ ಮೇಲೆ ಅಡುಗೆಮನೆಯಲ್ಲಿ ಎಲ್ಲರೂ ಸುಮ್ಮನಿದ್ದು, ಫ್ರಿಜ್ಜು ಆರಿಸಿ, ಲೋಕಲ್ ಟ್ರೇನ್ ಹೋಗುವ ತನಕ ಕಾದು, ಒಂದು ನಿಮಿಷ ಬರೀ ಕೋಣೆಯ ಸದ್ದು ರೆಕಾರ್ಡ್ ಮಾಡಿ. ತುರಿಯುವ ಸದ್ದಿಗೆ ಮೈಕ್ ಕಾಯಿಗೆ ಒಂದು ಮೊಳ ಹತ್ತಿರ ಇರಲಿ. ಅದನ್ನು ಚಂದ್ರನ ಮೇಲೆ ಮೂರು ಸೆಕೆಂಡ್ ಹರಿಯಬಿಟ್ಟು, ಅಲೆಯ ಸದ್ದನ್ನು ಅದರಡಿಯಿಂದ ನಿಧಾನ ಏರಿಸಿ.

ಕೊನೆಗೆ ಐದು ಜನರಿಗೆ ಬೇರೆಬೇರೆಯಾಗಿ, ಏನೂ ವಿವರಿಸದೆ ತೋರಿಸಿ, ನೋಡಿದ್ದನ್ನು ಹೇಳಲು ಕೇಳಿ. ‘ಕಾಯಿ ತುರಿದರು, ಆಮೇಲೆ ಚಂದ್ರ ತೋರಿಸಿದರು’ ಅಂದರೆ ಜೋಡಣೆ ಕೂತಿಲ್ಲ. ಗಾತ್ರ, ಜಾಗ, ಬಣ್ಣಗಳಲ್ಲಿ ಯಾವುದು ತಪ್ಪಿದೆ ಎಂದು ಎರಡೂ ಫ್ರೇಮುಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ‘ಚಂದ್ರನನ್ನು ತುರಿದರು’ ಅಂದರೆ ಮುಂದಿನ ಶಾಟಿಗೆ ಹೋಗಬಹುದು.